ಬಿಲ್ ಲೀಬ್: ಒಬ್ಬನೇ ಕಲಾವಿದ, ಹಲವು ಹೆಸರು! ಇಂಡಸ್ಟ್ರಿಯಲ್ ಸಂಗೀತಗಾರನ ಪೂರ್ಣ ಪರಿಚಯ ಇಲ್ಲಿದೆ

ಇವರ ಒಂದು ಹಾಡು ದೇಶ ದೇಶಗಳ ಡಾನ್ಸ್ ಕ್ಲಬ್‌ಗಳಲ್ಲಿ ಓಡಿದೆ. ಆದ್ರೆ ಇವರ ಹೆಸರು ಕೇಳಿದವರು ಕಮ್ಮಿ. ಯಾಕಂದ್ರೆ ಆ ಹಾಡಿನ ಮೇಲೆ ಇವರ ಹೆಸರೇ ಇರಲಿಲ್ಲ. ಕೆನಡಾದ ವ್ಯಾಂಕೂವರ್ ನಗರದ ಬಿಲ್ ಲೀಬ್ ಸುಮಾರು 40 ವರ್ಷಗಳಿಂದ ಒಂದೊಂದು ಥರದ ಸಂಗೀತಕ್ಕೆ ಒಂದೊಂದು ಹೆಸರಿಟ್ಟುಕೊಂಡು ಕೆಲಸ ಮಾಡ್ತಾ ಬಂದಿದ್ದಾರೆ. ಫ್ರಂಟ್ ಲೈನ್ ಅಸೆಂಬ್ಲಿ, ಡೆಲೀರಿಯಂ, ನಾಯ್ಸ್ ಯೂನಿಟ್, ಇಂಟರ್‌ಮಿಕ್ಸ್, ಸೈಬರಾಕ್ಟಿಫ್, ಸಿನೆಸ್ತೀಸಿಯಾ... ಪಟ್ಟಿ ಉದ್ದ ಇದೆ. ಯಾವ ಹೆಸರಲ್ಲಿ ಏನಿದೆ, ಇಷ್ಟೊಂದು ಹೆಸರು ಯಾಕೆ ಬೇಕಾಯ್ತು ಅನ್ನೋದರ ಮಾಹಿತಿ ಇಲ್ಲಿದೆ.

ಏನಿದು ಇಂಡಸ್ಟ್ರಿಯಲ್ ಸಂಗೀತ?

ಪವರ್‌ಲೂಮ್ ಶೆಡ್ ಪಕ್ಕದಲ್ಲಿ ಐದು ನಿಮಿಷ ನಿಂತರೆ ಅದರ ಟಕಾಟಕ್ ಸದ್ದಿನಲ್ಲೇ ಒಂದು ತಾಳ ಕಾಣಿಸುತ್ತೆ. ಇಂಡಸ್ಟ್ರಿಯಲ್ ಸಂಗೀತದ ಮೂಲ ಐಡಿಯಾ ಇದಕ್ಕೆ ಹತ್ತಿರ. ಯಂತ್ರದ ಸದ್ದು, ಲೋಹದ ಸದ್ದು, ರೇಡಿಯೋ ಗೊರಗೊರ, ಕಿರುಚಿದ ದನಿ, ಇದೆಲ್ಲವೂ ಸಂಗೀತದ ಕಚ್ಚಾ ಸಾಮಗ್ರಿ. ಈ ಪ್ರಕಾರಕ್ಕೆ ಹೆಸರು ಬಂದಿದ್ದು 1976ರಲ್ಲಿ ಲಂಡನ್‌ನ ಥ್ರಾಬಿಂಗ್ ಗ್ರಿಸಲ್ ತಂಡ ಶುರು ಮಾಡಿದ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಕಂಪನಿಯಿಂದ. 1980ರ ದಶಕದಲ್ಲಿ ಸಿಂಥಸೈಜರ್, ಡ್ರಮ್ ಮಷಿನ್, ಸ್ಯಾಂಪ್ಲರ್ ಬಂದ ಮೇಲೆ ಇದು ಕುಣಿಯುವ ಸಂಗೀತವೂ ಆಯ್ತು. ಬೆಲ್ಜಿಯಂನ ಫ್ರಂಟ್ 242 ತಂಡ ಈ ದಾರಿಯಲ್ಲಿ ದೊಡ್ಡ ಹೆಸರು.

ಸ್ಯಾಂಪ್ಲರ್ ಅಂದ್ರೆ ಯಾವುದೇ ಸದ್ದನ್ನು ರೆಕಾರ್ಡ್ ಮಾಡಿ, ಕತ್ತರಿಸಿ, ಕೀಬೋರ್ಡಿನ ಮನೆಗಳ ಮೇಲೆ ಕೂರಿಸಿ ನುಡಿಸುವ ಯಂತ್ರ. ಸಿನಿಮಾ ಡೈಲಾಗ್ ಆದ್ರೂ ಸರಿ, ಸುತ್ತಿಗೆ ಏಟಾದ್ರೂ ಸರಿ. ಲೀಬ್ ಅವರ ಸಂಗೀತಕ್ಕೆ ಇದೇ ಬೆನ್ನೆಲುಬು.

ಶುರುವಾಗಿದ್ದು ಎಲ್ಲಿಂದ?

ಲೀಬ್ ಹುಟ್ಟಿದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಹುಡುಗನಾಗಿದ್ದಾಗಲೇ ಕೆನಡಾಕ್ಕೆ ಬಂದರು. ಆಗ ವ್ಯಾಂಕೂವರ್‌ನಲ್ಲಿ ಸ್ಕಿನ್ನಿ ಪಪ್ಪಿ ಎಂಬ ತಂಡ ಹೆಸರು ಮಾಡ್ತಾ ಇತ್ತು. ಅದರ ಮುಖ್ಯ ಇಬ್ಬರೂ ಕೆವಿನ್‌ಗಳೇ. ಗೊಂದಲ ಆಗಬಾರದು ಅಂತ ಒಬ್ಬರು ಸಿ ಅಕ್ಷರ ಹಾಕಿ ಸೆವಿನ್ ಕೀ ಆದರು, ಇನ್ನೊಬ್ಬರು ಕೆವಿನ್ ಅನ್ನೋದನ್ನ ತಿರುಗಿಸಿ ನಿವೆಕ್ ಓಗ್ರ್ ಆದರು. 1985ರಲ್ಲಿ ಈ ತಂಡ ಸೇರಿದ ಲೀಬ್ ಕೂಡ ವಿಲ್ಹೆಲ್ಮ್ ಶ್ರೋಡರ್ ಎಂಬ ಹೆಸರಿಟ್ಟುಕೊಂಡರು. ಹೀಗೆ ಇವರ ವೃತ್ತಿ ಶುರುವಾಗಿದ್ದೇ ಬೇರೆ ಹೆಸರಲ್ಲಿ.

ಅಲ್ಲಿ ಇವರ ಕೆಲಸ ಬಾಸ್ ಸಿಂಥ್ ನುಡಿಸೋದು, ಹಿಂದಿನಿಂದ ದನಿಗೂಡಿಸೋದು. ಹಾಡಿನ ದಿಕ್ಕು ತೀರ್ಮಾನ ಮಾಡುವವರು ಬೇರೆಯವರು. 1986ರಲ್ಲಿ ಲೀಬ್ ಹೊರಬಂದರು. ಹೆಸರು ಮಾಡ್ತಾ ಇದ್ದ ತಂಡ ಬಿಟ್ಟು, ಕೇಳುಗರೇ ಇಲ್ಲದ ಹೊಸ ಹೆಸರಲ್ಲಿ ಕ್ಯಾಸೆಟ್ ಮಾಡೋಕೆ ಕೂತರು. ಆ ಹೆಸರೇ ಫ್ರಂಟ್ ಲೈನ್ ಅಸೆಂಬ್ಲಿ, ಅಭಿಮಾನಿಗಳ ಬಾಯಲ್ಲಿ ಎಫ್‌ಎಲ್‌ಎ.

ಫ್ರಂಟ್ ಲೈನ್ ಅಸೆಂಬ್ಲಿ: ತಾಯಿಬೇರು

ಮೊದಲ ಆಲ್ಬಂ 'ದಿ ಇನಿಶಿಯಲ್ ಕಮಾಂಡ್' ಬಂದಿದ್ದು 1987ರಲ್ಲಿ. ಮೊದಲ ವರ್ಷಗಳಲ್ಲಿ ಜೊತೆಗಿದ್ದವರು ಮೈಕಲ್ ಬಾಲ್ಚ್. 1989ರ 'ಗ್ಯಾಶ್ಡ್ ಸೆನ್ಸಸ್ ಅಂಡ್ ಕ್ರಾಸ್‌ಫೈರ್' ಆದಮೇಲೆ ಬಾಲ್ಚ್ ಹೋದರು, ರೀಸ್ ಫುಲ್ಬರ್ ಪೂರ್ಣ ಜೊತೆಗಾರರಾದರು. ಲೀಬ್-ಫುಲ್ಬರ್ ಜೋಡಿಯ 'ಕಾಸ್ಟಿಕ್ ಗ್ರಿಪ್' 1990ರಲ್ಲಿ, 'ಟ್ಯಾಕ್ಟಿಕಲ್ ನ್ಯೂರಲ್ ಇಂಪ್ಲಾಂಟ್' 1992ರಲ್ಲಿ ಬಂತು. ಎರಡನೆಯದನ್ನು ಇವತ್ತಿಗೂ ಈ ಪ್ರಕಾರದ ಮುಖ್ಯ ಆಲ್ಬಂಗಳಲ್ಲಿ ಲೆಕ್ಕ ಹಾಕ್ತಾರೆ. ಅದರ 'ಮೈಂಡ್‌ಫೇಸರ್' ಹಾಡಿನ ವಿಡಿಯೋದಲ್ಲಿ 'ಗನ್‌ಹೆಡ್' ಎಂಬ ಜಪಾನಿ ಸಿನಿಮಾದ ದೃಶ್ಯಗಳನ್ನು ಬಳಸಲಾಗಿದೆ.

1994ರ 'ಮಿಲೇನಿಯಂ' ಆಲ್ಬಂನಲ್ಲಿ ಮೆಟಲ್ ಗಿಟಾರ್ ಬಂತು. ನುಡಿಸಿದವರಲ್ಲಿ ಡೆವಿನ್ ಟೌನ್‌ಸೆಂಡ್ ಒಬ್ಬರು. ಅದಕ್ಕೆ ಒಂದು ವರ್ಷ ಮುಂಚೆ ಈ ಜೋಡಿ ಅಮೆರಿಕದ ಫಿಯರ್ ಫ್ಯಾಕ್ಟರಿ ಎಂಬ ಮೆಟಲ್ ತಂಡದ ಹಾಡುಗಳನ್ನು ರೀಮಿಕ್ಸ್ ಮಾಡಿತ್ತು. ಮುಂದೆ ಫುಲ್ಬರ್ ಆ ತಂಡದ ಆಲ್ಬಂಗಳಲ್ಲೇ ಕೆಲಸ ಮಾಡಿದರು. ಮೆಟಲ್ ಮತ್ತು ಇಂಡಸ್ಟ್ರಿಯಲ್ ಕೂಡಿದ ದಾರಿಯಲ್ಲಿ ಈ ಒಡನಾಟಕ್ಕೂ ಪಾಲಿದೆ.

ಇಷ್ಟೊಂದು ಹೆಸರು ಯಾಕೆ?

ಕನ್ನಡದಲ್ಲಿ ಕಾವ್ಯನಾಮ ಹೊಸದೇನಲ್ಲ. ಬೇಂದ್ರೆಯವರು ಅಂಬಿಕಾತನಯದತ್ತ ಆದರು. ಆದ್ರೆ ಅಲ್ಲಿ ಒಬ್ಬ ಕವಿಯ ಕಾವ್ಯಕ್ಕೆಲ್ಲ ಒಂದು ಹೆಸರು. ಲೀಬ್ ವಿಷಯದಲ್ಲಿ ಹೆಸರು ಅಂದ್ರೆ ಡಬ್ಬಿಯ ಮೇಲಿನ ಚೀಟಿ ಇದ್ದ ಹಾಗೆ. ಒಳಗೆ ಏನಿದೆ ಅಂತ ಕೇಳುಗರಿಗೆ ಮೊದಲೇ ಗೊತ್ತಾಗುತ್ತೆ.

ಎಫ್‌ಎಲ್‌ಎ ಅಂದ್ರೆ ಯುದ್ಧ, ಯಂತ್ರ, ಗಡುಸು ತಾಳ. ಇದನ್ನು ಕೊಳ್ಳೋನಿಗೆ ಮೆತ್ತಗಿನ ಹಾಡು ಕೊಟ್ಟರೆ ಬೇಜಾರಾಗ್ತಾನೆ. ಮೆತ್ತಗಿನ ಹಾಡು ಬೇಕಾದವನು ಆ ಹೆಸರು ನೋಡಿ ಹತ್ತಿರಾನೇ ಬರಲ್ಲ. ಬೇರೆ ಹೆಸರಿಟ್ಟರೆ ಎರಡೂ ಕಡೆ ಜಾಗ ಇರುತ್ತೆ.

ಹೆಸರು ಬದಲಿಸದೆ ಸದ್ದು ಬದಲಿಸಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 1997ರಲ್ಲಿ ಫುಲ್ಬರ್ ತಂಡ ಬಿಟ್ಟರು, ಕ್ರಿಸ್ ಪೀಟರ್ಸನ್ ಬಂದರು. ಆ ವರ್ಷದ 'ಫ್ಲೇವರ್ ಆಫ್ ದಿ ವೀಕ್' ಆಲ್ಬಂ ಎಫ್‌ಎಲ್‌ಎ ಹೆಸರಲ್ಲೇ ಆಗಿನ ಹೊಸ ಎಲೆಕ್ಟ್ರಾನಿಕ್ ಶೈಲಿಯತ್ತ ವಾಲಿತು. ಹಳೇ ಅಭಿಮಾನಿಗಳಲ್ಲಿ ಅದು ಇಷ್ಟವಾದವರು, ಆಗದವರು ಅಂತ ಎರಡು ಗುಂಪಾಯ್ತು.

ಯಾವ ಹೆಸರಲ್ಲಿ ಏನಿದೆ?

* ನಾಯ್ಸ್ ಯೂನಿಟ್: ಬೆಲ್ಜಿಯಂನ ಕ್ಲಿನಿಕ್ ತಂಡದ ಮಾರ್ಕ್ ವೆರ್‌ಹೇಗನ್ ಜೊತೆ ಶುರುವಾಗಿದ್ದು. ಮೊದಲ ಆಲ್ಬಂ 1989ರ 'ಗ್ರೈಂಡಿಂಗ್ ಇಂಟು ಎಂಪ್ಟಿನೆಸ್'. ಗಡುಸು ಸದ್ದು.

* ಇಂಟರ್‌ಮಿಕ್ಸ್: 1992ರಲ್ಲಿ ಮೊದಲ ಆಲ್ಬಂ. ಟೆಕ್ನೋ, ಕುಣಿತದ ಸಂಗೀತ.

* ಸಿನೆಸ್ತೀಸಿಯಾ: ನಿಧಾನ ಗತಿಯ, ಕತ್ತಲೆ ಬಣ್ಣದ ಆಂಬಿಯೆಂಟ್.

* ಸೈಬರಾಕ್ಟಿಫ್: ಸ್ಕಿನ್ನಿ ಪಪ್ಪಿಯ ಸೆವಿನ್ ಕೀ ಮತ್ತು ಡ್ವೇನ್ ಗೆಟ್ಟೆಲ್ ಜೊತೆ. 1991ರಲ್ಲಿ 'ಟೆನೆಬ್ರೇ ವಿಷನ್' ಆಲ್ಬಂ.

* ಡೆಲೀರಿಯಂ: 1989ರಲ್ಲಿ ಮೊದಲ ಆಲ್ಬಂ. ಇದರ ಕಥೆ ಮುಂದೆ ಇದೆ.

ಸೈಬರಾಕ್ಟಿಫ್ ಬಗ್ಗೆ ಒಂದು ಮಾತು. 1986ರಲ್ಲಿ ಲೀಬ್ ಬಿಟ್ಟ ಜಾಗಕ್ಕೆ ಸ್ಕಿನ್ನಿ ಪಪ್ಪಿಗೆ ಬಂದವರೇ ಈ ಡ್ವೇನ್ ಗೆಟ್ಟೆಲ್. ತನ್ನ ಜಾಗಕ್ಕೆ ಬಂದವರ ಜೊತೆಗೇ ಕೂತು ಲೀಬ್ ಆಲ್ಬಂ ಮಾಡಿದರು. ಗೆಟ್ಟೆಲ್ 1995ರಲ್ಲಿ ಹೆರಾಯಿನ್ ಅತಿಯಾಗಿ ತೀರಿಕೊಂಡರು. ಆ ಮೂವರು ಸೇರಿ ಮಾಡಿದ ಆಲ್ಬಂ ಅದೊಂದೇ ಆಗಿ ಉಳೀತು. ಸೈಬರಾಕ್ಟಿಫ್ ಹೆಸರಲ್ಲಿ ಮುಂದಿನ ಆಲ್ಬಂ 'ಎಂಡ್‌ಗೇಮ್' ಬಂದಿದ್ದು 2024ರಲ್ಲಿ. ಆಗ ಲೀಬ್ ಮತ್ತು ಕೀ ಜೊತೆ ಇದ್ದವರು ಫುಲ್ಬರ್.

ಡೆಲೀರಿಯಂ: ಬದಿಯ ಕೆಲಸವೇ ದೊಡ್ಡದಾದಾಗ

ಡೆಲೀರಿಯಂ ಮೊದಲಿಗೆ ಮಾತೇ ಕಮ್ಮಿ ಇರುವ ಮಂಕು ಆಂಬಿಯೆಂಟ್ ಸಂಗೀತ. 1994ರ 'ಸಿಮ್ಯಾಂಟಿಕ್ ಸ್ಪೇಸಸ್' ಆಲ್ಬಂನಿಂದ ಹಾಡು ಬಂತು, ಕ್ರಿಸ್ಟಿ ಥರ್ಸ್ಕ್ ಎಂಬ ಗಾಯಕಿಯ ದನಿ ಬಂತು. 1997ರ 'ಕರ್ಮ' ಆಲ್ಬಂನಲ್ಲಿ ಕೆನಡಾದ ಪ್ರಸಿದ್ಧ ಗಾಯಕಿ ಸಾರಾ ಮೆಕ್‌ಲಾಕ್ಲನ್ 'ಸೈಲೆನ್ಸ್' ಎಂಬ ಹಾಡು ಹಾಡಿದರು. ಲೀಬ್, ಫುಲ್ಬರ್, ಮೆಕ್‌ಲಾಕ್ಲನ್ ಮೂವರೂ ಸೇರಿ ಬರೆದ ಹಾಡು ಅದು.

ಆಲ್ಬಂ ಬಂದ ಕೂಡಲೇ ಈ ಹಾಡು ಸ್ಫೋಟ ಆಗಲಿಲ್ಲ. ಡಚ್ ಡಿಜೆ ಟಿಯೆಸ್ಟೋ ಸೇರಿದಂತೆ ಬೇರೆಯವರು ಇದನ್ನು ಟ್ರಾನ್ಸ್ ಶೈಲಿಯಲ್ಲಿ ರೀಮಿಕ್ಸ್ ಮಾಡಿದ ಮೇಲೆ, 2000ದಲ್ಲಿ ಬ್ರಿಟನ್ ಸಿಂಗಲ್ಸ್ ಚಾರ್ಟ್‌ನಲ್ಲಿ 3ನೇ ಸ್ಥಾನಕ್ಕೆ ಏರಿತು. ಆಮೇಲೆ 'ಪೋಯಂ', 'ಕಿಮೇರಾ' ಆಲ್ಬಂಗಳಲ್ಲೂ ಅತಿಥಿ ಗಾಯಕಿಯರೇ ಮುಂದೆ, ಲೀಬ್ ಹಿಂದೆ.

ಅಲ್ಲಿಗೆ ಲೆಕ್ಕ ತಲೆಕೆಳಗಾಯ್ತು. ಸ್ವಂತ ದನಿಯಲ್ಲಿ ಹಾಡುವ ಎಫ್‌ಎಲ್‌ಎ ಸಣ್ಣ ಬಳಗದ ಸಂಗೀತವಾಗೇ ಉಳೀತು. ಬದಿಗೆ ಅಂತ ಶುರು ಮಾಡಿದ್ದು ಜಗತ್ತಿಗೆ ಮುಟ್ಟಿತು. ಆದ್ರೂ ಲೀಬ್ ಎಫ್‌ಎಲ್‌ಎ ಅನ್ನು ಮೆತ್ತಗೆ ಮಾಡಲಿಲ್ಲ, ಮುಚ್ಚಲೂ ಇಲ್ಲ. 'ಸೈಲೆನ್ಸ್' ಚಾರ್ಟ್ ಏರಿದ ಮರುವರ್ಷವೇ ಎಫ್‌ಎಲ್‌ಎಯ 'ಎಪಿಟಾಫ್' ಬಂತು. ಹೆಸರು ಬೇರೆ ಬೇರೆ ಇಟ್ಟಿದ್ದರ ನಿಜವಾದ ಲಾಭ ಇದು. ಒಂದು ಕಡೆಯ ಯಶಸ್ಸು ಇನ್ನೊಂದು ಕಡೆಯ ಸಂಗೀತವನ್ನು ಕೆಡಿಸಲಿಲ್ಲ.

ನಂತರದ ದಾರಿ

2003ರ ಹೊತ್ತಿಗೆ ಫುಲ್ಬರ್ ವಾಪಸ್ ಬಂದರು, 2004ರಲ್ಲಿ 'ಸಿವಿಲೈಸೇಷನ್' ಆಯ್ತು. ಅವರಿಗೂ 'ಕಾಂಜೂರ್ ಒನ್' ಎಂಬ ಸ್ವಂತ ಪ್ರಾಜೆಕ್ಟ್ ಇದೆ. ಇಬ್ಬರೂ ಆಗಾಗ ಬೇರೆಯಾಗೋದು, ಮತ್ತೆ ಸೇರೋದು ನಡೆದೇ ಇದೆ. 2012ರಲ್ಲಿ ಎಫ್‌ಎಲ್‌ಎ 'ಏರ್‌ಮೆಕ್' ಎಂಬ ವಿಡಿಯೋ ಗೇಮ್‌ಗೆ ಸಂಗೀತ ಕೊಟ್ಟಿತು. 2013ರ 'ಎಕೋಜೆನೆಟಿಕ್' ಆಲ್ಬಂನಲ್ಲಿ ಗಿಟಾರ್ ಪೂರ್ತಿ ಬಿಟ್ಟು ಎಲೆಕ್ಟ್ರಾನಿಕ್ಸ್‌ಗೇ ಮರಳಿತು. ಈ ಅವಧಿಯಲ್ಲಿ ಜೊತೆಗಿದ್ದ ಯುವ ಕಲಾವಿದ ಜೆರೆಮಿ ಇಂಕೆಲ್ 2018ರ ಜನವರಿಯಲ್ಲಿ 34ನೇ ವಯಸ್ಸಿಗೇ ತೀರಿಕೊಂಡಿದ್ದು ತಂಡಕ್ಕೆ ದೊಡ್ಡ ಪೆಟ್ಟು.

2019ರ 'ವೇಕ್ ಅಪ್ ದಿ ಕೋಮಾ' ಆಲ್ಬಂನಲ್ಲಿ 'ರಾಕ್ ಮಿ ಅಮಾಡಿಯಸ್' ಹಾಡಿನ ಹೊಸ ರೂಪ ಇದೆ. ಮೂಲ ಹಾಡುಗಾರ ಫಾಲ್ಕೋ. ಅವರೂ ಲೀಬ್ ಹುಟ್ಟಿದ ವಿಯೆನ್ನಾದವರೇ.

2024ರಲ್ಲಿ 'ಮಾಡೆಲ್ ಕೊಲ್ಯಾಪ್ಸ್' ಬಂತು. ಇದರ ಮೇಲೆ ಇರೋದು ಬಿಲ್ ಲೀಬ್ ಅಂತ. ಇಷ್ಟು ವರ್ಷ, ಇಷ್ಟು ಆಲ್ಬಂ ಆದಮೇಲೆ ಸ್ವಂತ ಹೆಸರಲ್ಲಿ ಇದು ಮೊದಲನೆಯದು.

ಹೊಸಬರು ಎಲ್ಲಿಂದ ಶುರು ಮಾಡಬೇಕು?

ಸುಮ್ಮನೆ ಕೂತು ಕೇಳೋರು 'ಕರ್ಮ'ದಿಂದ ಶುರು ಮಾಡಿ. 'ಸೈಲೆನ್ಸ್' ಹಾಡಿನ ಮೂಲ ರೂಪ ಮೊದಲು, ರೀಮಿಕ್ಸ್ ಆಮೇಲೆ. ಗಡುಸು ಸದ್ದು ಬೇಕಾದವರು 'ಟ್ಯಾಕ್ಟಿಕಲ್ ನ್ಯೂರಲ್ ಇಂಪ್ಲಾಂಟ್' ಕೇಳಿ. ಮೆಟಲ್ ಪ್ರಿಯರಿಗೆ 'ಮಿಲೇನಿಯಂ'. ಮೊಬೈಲ್ ಸ್ಪೀಕರ್‌ನಲ್ಲಿ ಬೇಡ, ಇಯರ್‌ಫೋನ್ ಹಾಕಿ. ಬಾಸ್ ಕೇಳಿಸದಿದ್ರೆ ಈ ಸಂಗೀತದಲ್ಲಿ ಅರ್ಧ ಹೋದಂಗೆ.