ಗೆರೆ ದಾಟಿದ ಚೆಂಡು ಕೈಗೋ, ಕಾಲಿಗೋ?

ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್‌ನನ್ನು ಬಿಟ್ಟು ಉಳಿದವರು ಆಟದ ಚೆಂಡಿಗೆ ಕೈ ಹಚ್ಚಲು ಇರುವ ಅವಕಾಶ ಒಂದೇ: ‘ಥ್ರೋ-ಇನ್’. ಚೆಂಡು ಪಕ್ಕದ ಗೆರೆ ದಾಟಿದಾಗ ಅದನ್ನು ಎರಡೂ ಕೈಗಳಲ್ಲಿ ಹಿಡಿದು ತಲೆಯ ಮೇಲಿಂದ ಎಸೆಯಬಹುದು. ತಂಡಕ್ಕೆ ಐವರಂತೆ ಒಳಾಂಗಣದಲ್ಲಿ ಆಡುವ ಫುಟ್ಸಾಲ್‌ನಲ್ಲಿ ಅದೂ ಇಲ್ಲ. ಅಲ್ಲಿ ಚೆಂಡನ್ನು ಗೆರೆಯ ಮೇಲಿಟ್ಟು ಒದೆಯಬೇಕು. ಇದಕ್ಕೆ ‘ಕಿಕ್-ಇನ್’ ಎಂದು ಹೆಸರು. ಸಣ್ಣದೆಂದು ಕಾಣುವ ಈ ವ್ಯತ್ಯಾಸದ ಹಿಂದೆ ಆಟದ ಯಜಮಾನಿಕೆ ಯಾರದು ಎಂಬ ದೊಡ್ಡ ಜಗಳವೇ ಇದೆ.

ಈ ತಕರಾರು ಶುರುವಾದದ್ದು ಇಂಗ್ಲೆಂಡಿನಲ್ಲಿ. ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ 1863ರಲ್ಲಿ ಬರೆದ ನಿಯಮದಂತೆ, ಹೊರಹೋದ ಚೆಂಡನ್ನು ಮೊದಲು ಮುಟ್ಟಿದವನೇ ಗೆರೆಗೆ ನೇರವಾಗಿ ಒಳಕ್ಕೆ ಎಸೆಯಬೇಕಿತ್ತು. ಚೆಂಡಿನ ಹಿಂದೆ ಎರಡೂ ತಂಡದವರು ಓಡುತ್ತಿದ್ದ ಆ ನೋಟ ನಗೆ ತರಿಸುವಂತಿದ್ದಿರಬೇಕು! ಅತ್ತ ಶೆಫೀಲ್ಡ್ ನಗರದ ಕ್ಲಬ್ಬುಗಳು ತಮ್ಮದೇ ನಿಯಮಾವಳಿ ಇಟ್ಟುಕೊಂಡಿದ್ದವು. 1870ರ ದಶಕದಲ್ಲಿ ಅವರದು ಕಾಲಿನಿಂದ ಒದೆಯುವ ಪದ್ಧತಿ. 1877ರಲ್ಲಿ ರಾಜಿಯಾಯಿತು. ಯಾವ ದಿಕ್ಕಿಗಾದರೂ ಎಸೆಯಬಹುದೆಂದು ಲಂಡನ್ ಸಡಿಲಿಸಿತು, ಶೆಫೀಲ್ಡ್ ತನ್ನ ಒದೆತವನ್ನು ಬಿಟ್ಟುಕೊಟ್ಟಿತು. ಕೈ ಗೆದ್ದಿತು.

ಫುಟ್ಸಾಲ್ ಹುಟ್ಟಿದ್ದು ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ. 1930ರಲ್ಲಿ ಅಲ್ಲಿನ ವೈಎಂಸಿಎ ಶಿಕ್ಷಕ ಹುವಾನ್ ಕಾರ್ಲೋಸ್ ಸೆರಿಯಾನಿ ಬಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್, ವಾಟರ್ ಪೋಲೊಗಳಿಂದ ಒಂದಿಷ್ಟು ಎರವಲು ಪಡೆದು ಒಳಾಂಗಣದ ಫುಟ್‌ಬಾಲ್ ರೂಪಿಸಿದರು. ಆಟ ಬ್ರೆಜಿಲ್‌ನಲ್ಲಿ ಬೆಳೆಯಿತು. 1971ರಲ್ಲಿ ‘ಫಿಫುಸಾ’ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ಅದರ ನಿಯಮದಲ್ಲಿ ಪಕ್ಕದ ಗೆರೆಯಿಂದ ಚೆಂಡು ಬರುತ್ತಿದ್ದುದು ಕೈಯಿಂದಲೇ. ಒಕ್ಕೂಟದ ಮೊದಲ ಅಧ್ಯಕ್ಷ ಜೊವಾವ್ ಹ್ಯಾವಲಾಂಜ್. ಇದೇ ಹ್ಯಾವಲಾಂಜ್ 1974ರಲ್ಲಿ ಫಿಫಾದ ಅಧ್ಯಕ್ಷರಾದರು. ಅವರ ಕಾಲದಲ್ಲೇ ಫಿಫಾ ಈ ಆಟಕ್ಕೂ ಕೈ ಚಾಚಿತು ಎಂಬುದು ಸೋಜಿಗ. 1989ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಫಿಫಾ ತನ್ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಫಿಫಾ ನಿಯಮಾವಳಿಯಲ್ಲಿ ಕೈ ಹೋಗಿ ಕಾಲು ಬಂತು.

ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳಕ್ಕೆ ಇದು ಒಗ್ಗುತ್ತದೆ. ಇಲ್ಲಿನ ಚೆಂಡು ಸಣ್ಣದು, ಹೆಚ್ಚು ಪುಟಿಯದು. ಒದ್ದರೆ ನೆಲದ ಮೇಲೇ ಸಾಗಿ ಜೊತೆಗಾರನ ಕಾಲು ಸೇರುತ್ತದೆ. ಎದುರಾಳಿಗಳು 5 ಮೀಟರ್ ದೂರ ನಿಲ್ಲಬೇಕು. ಒದೆಯಲು ಸಿಗುವುದು 4 ಸೆಕೆಂಡ್ ಮಾತ್ರ. ರೆಫರಿ ಕೈಯೆತ್ತಿ ಬೆರಳಿನಲ್ಲಿ ಎಣಿಸುತ್ತಾನೆ. ತಡವಾದರೆ ಅವಕಾಶ ಎದುರಾಳಿಗೆ. ಕಿಕ್-ಇನ್‌ನಿಂದ ನೇರವಾಗಿ ಗೋಲು ಹೊಡೆಯುವಂತಿಲ್ಲ. ಚೆಂಡು ಛಾವಣಿಗೆ ಬಡಿದರೂ ಕಿಕ್-ಇನ್‌ನಿಂದಲೇ ಆಟ ಮುಂದುವರಿಯುತ್ತದೆ.

ಇದನ್ನು ದೊಡ್ಡ ಮೈದಾನಕ್ಕೂ ತರುವ ಆಸೆ ಫಿಫಾಕ್ಕಿತ್ತು. 1993ರಲ್ಲಿ ಜಪಾನಿನಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, 1994-95ರಲ್ಲಿ ಇಂಗ್ಲೆಂಡಿನ ಡಯಾಡೊರಾ ಲೀಗ್‌ನಲ್ಲಿ ಥ್ರೋ-ಇನ್ ಬದಲು ಕಿಕ್-ಇನ್ ಪರೀಕ್ಷಿಸಲಾಯಿತು. ಪ್ರಯೋಗ ನಿಲ್ಲಲಿಲ್ಲ. ಹನ್ನೊಂದು ಮಂದಿಯ ಆಟದಲ್ಲಿ ಗೆರೆ ದಾಟಿದ ಪ್ರತಿ ಚೆಂಡೂ ಫ್ರೀ ಕಿಕ್‌ನಂತಾದರೆ, ಎತ್ತರದ ಆಟಗಾರರು ಗೋಲಿನ ಮುಂದೆ ಬಂದು ನಿಲ್ಲುವ ತನಕ ಆಟವೇ ನಿಂತುಬಿಡುತ್ತದೆ.

ಇತ್ತ ಫಿಫಾ ತೆಕ್ಕೆಗೆ ಸೇರದವರು ಹಳೆಯ ನಿಯಮ ಬಿಡಲಿಲ್ಲ. ಫಿಫುಸಾದ ಉತ್ತರಾಧಿಕಾರಿಯಾಗಿ 2002ರಲ್ಲಿ ರೂಪುಗೊಂಡ ‘ಎಎಂಎಫ್’ ಸಂಘಟನೆ ತನ್ನದೇ ವಿಶ್ವಕಪ್ ನಡೆಸುತ್ತದೆ. ಅದರ ಅಂಗಳದಲ್ಲಿ ಗೆರೆ ದಾಟಿದ ಚೆಂಡನ್ನು ಇಂದಿಗೂ ಕೈಯಿಂದಲೇ ಎಸೆಯುತ್ತಾರೆ.