ಘಟ್ಟದ ಮೇಲಿನ ವಿದ್ಯೆ, ಘಟ್ಟದ ಕೆಳಗಿನ ಗದ್ದೆ

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕೆಳದಿಯ ಶಿವಪ್ಪನಾಯಕನು ತನ್ನ ರಾಜ್ಯದ ಕಂದಾಯವನ್ನು ಗೊತ್ತುಪಡಿಸುವುದಕ್ಕೆ ಮೊದಲು, ಗ್ರಾಮಗ್ರಾಮದಲ್ಲಿಯೂ ಒಂದೊಂದು ತರಗತಿಯ ನೆಲವನ್ನು ಆರಿಸಿ, ಅದನ್ನು ಹಲವು ವರ್ಷ ತನ್ನ ವತಿಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಕೈಗೆ ಬಂದ ಫಸಲೆಷ್ಟು ಎಂಬುದನ್ನು ಲೆಕ್ಕವಿಡಿಸಿ, ಆಮೇಲೆಯೇ ತೆರಿಗೆಯನ್ನು ನಿಗದಿಮಾಡಿದನೆಂದು ಪ್ರತೀತಿಯಿದೆ. ‘ಶಿವಪ್ಪನಾಯಕನ ಶಿಸ್ತು’ ಎಂದು ಮಲೆನಾಡು ಇಂದಿಗೂ ಸ್ಮರಿಸುವ ಆ ವ್ಯವಸ್ಥೆ ರಾಜನ ಬೊಕ್ಕಸಕ್ಕಾಗಿ ಹುಟ್ಟಿದ್ದಾದರೂ, ನೆಲವನ್ನು ಕೇಳಿ ತಿಳಿದ ಮೇಲೆ ನೆಲದ ವಿಷಯ ಮಾತನಾಡಬೇಕೆಂಬ ವಿವೇಕ ಅದರಲ್ಲಿದ್ದಿತು. ಕೆಳದಿಯ ಅರಸರ ಆಳ್ವಿಕೆ ಘಟ್ಟದ ಮೇಲಣ ಅಡಕೆಯ ತೋಟಗಳನ್ನೂ ಘಟ್ಟದ ಕೆಳಗಣ ಬಸರೂರು, ಮಂಗಳೂರುಗಳ ಬಂದರುಗಳನ್ನೂ ಒಂದೇ ಸೂತ್ರದಲ್ಲಿ ಬಂಧಿಸಿತ್ತು. ಶಿವಮೊಗ್ಗೆಯಲ್ಲಿ 2012ರಲ್ಲಿ ಸ್ಥಾಪಿತವಾದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಕಾಲಾನಂತರದಲ್ಲಿ ಅವನ ಹೆಸರನ್ನೇ ಇಟ್ಟಿರುವುದನ್ನೂ, ಅದರ ಕಾರ್ಯಕ್ಷೇತ್ರ ಕರಾವಳಿಯವರೆಗೆ ಚಾಚಿರುವುದನ್ನೂ ಕಂಡಾಗ, ಹಳೆಯ ಸೂತ್ರವೊಂದು ಹೊಸ ಕೈಗೆ ಬಂದಿತೆಂದು ಅನ್ನಿಸುತ್ತದೆ.

ಈ ಪ್ರಾಂತದಲ್ಲಿ ವಿದ್ವಾಂಸನಿಗೂ ಕೃಷಿಕನಿಗೂ ನಡೆದ ಆಧುನಿಕ ಸಂವಾದ ವಿಶ್ವವಿದ್ಯಾಲಯಗಳಿಗಿಂತ ಹಳೆಯದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್, ಮಲೆನಾಡಿನ ತೋಟಗಳಲ್ಲಿ ಮುಂಗಾರಿನ ನಡುವೆ ಎಳೆಯ ಅಡಕೆಯನ್ನು ಕೊಳೆಯಿಸಿ ಉದುರಿಸುತ್ತಿದ್ದ ವ್ಯಾಧಿಯ ಮೂಲವನ್ನರಸುತ್ತ, ಅದು ಶಿಲೀಂಧ್ರವೊಂದರ ಕಾರ್ಯವೆಂದು ನಿರ್ಣಯಿಸಿ 1910ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಬೆಳೆಗಾರರಾದರೋ ಆ ಮುನ್ನವೇ, ಮಳೆಯ ನೀರು ಗೊನೆಗೆ ತಾಗದಿದ್ದರೆ ಕಾಯಿ ಉಳಿಯುವುದೆಂಬುದನ್ನು ಅನುಭವದಿಂದ ಅರಿತು, ಗೊನೆಗೊನೆಗೂ ಮಳೆ ತಡೆಯುವ ಹೊದಿಕೆಯಾದ ಕೊಟ್ಟೆಯನ್ನು ಕಟ್ಟುವ ಪದ್ಧತಿಯನ್ನು ರೂಢಿಸಿಕೊಂಡಿದ್ದರು. ರೋಗದ ಬೀಜ ನೀರಿನಲ್ಲಿ ಹಬ್ಬುವುದೆಂದು ಸೂಕ್ಷ್ಮದರ್ಶಕ ತೋರಿಸಿದ್ದೂ, ಕೊಟ್ಟೆ ಕಟ್ಟಿದ ಕೈ ಅರಿತದ್ದೂ ಒಂದೇ ಸತ್ಯವಾಗಿದ್ದಿತು. ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವನ್ನು ಕೋಲ್ಮನ್ ಬಳಕೆಗೆ ತಂದ ಮೇಲೆ, ಮರದಿಂದ ಮರಕ್ಕೆ ಹಾಯಬಲ್ಲ ಕೊನೆಗಾರನ ಕೌಶಲವೇ ಆ ಔಷಧವನ್ನು ಗೊನೆಯವರೆಗೆ ಮುಟ್ಟಿಸಿತು. ನನಗೆ ವಿಶೇಷವಾಗಿ ಹಿತವೆನಿಸುವುದೆಂದರೆ, ತೋಟದ ಬಾಯಿಮಾತಾದ ‘ಕೊಳೆರೋಗ’ವೆಂಬ ಪದವನ್ನು ಆತನು ತನ್ನ ಗ್ರಂಥದ ಶೀರ್ಷಿಕೆಯಲ್ಲಿಯೇ ಉಳಿಸಿಕೊಂಡದ್ದು; ಜಗತ್ತಿನ ಸಸ್ಯರೋಗಶಾಸ್ತ್ರದಲ್ಲಿ ಆ ಕನ್ನಡದ ಮಾತು ಇಂದಿಗೂ ನಿಂತಿದೆ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಅದರ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾಡಿದ ಪ್ರಚಾರೋಪನ್ಯಾಸಗಳೂ, ಅವುಗಳನ್ನು ಅಚ್ಚುಮಾಡಿಸಿ ಅಗ್ಗದ ಬೆಲೆಗೆ ಹಂಚಿದ ಪುಸ್ತಿಕೆಗಳೂ ಒಂದು ತಲೆಮಾರಿನ ಮನಸ್ಸನ್ನು ತೆರೆದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ವಿದ್ಯೆ ಹರಿದದ್ದು ವೇದಿಕೆಯಿಂದ ಸಭೆಯ ಕಡೆಗೆ ಮಾತ್ರ. ಶಿವಮೊಗ್ಗೆಯಲ್ಲಿ 1940ರಲ್ಲಿ ಆರಂಭವಾಗಿ ಮುಂದೆ ಸಹ್ಯಾದ್ರಿ ಕಾಲೇಜೆಂದು ಪ್ರಸಿದ್ಧವಾದ ವಿದ್ಯಾಲಯ ಮಲೆನಾಡಿನ ಹುಡುಗರಿಗೆ ಮೈಸೂರಿನ ದೂರವನ್ನು ಕಡಿಮೆಮಾಡಿತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ವಿದ್ಯಾರ್ಥಿಗಳ ಕೈಗೆ ಗುದ್ದಲಿಯನ್ನು ಕೊಟ್ಟಿತು. 1977ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಬೋಧನೆ, ಸಂಶೋಧನೆಗಳೊಡನೆ ಜನರ ಕಡೆಗೆ ಸಾಗುವ ವಿಸ್ತರಣೆಯನ್ನು ವಿಶ್ವವಿದ್ಯಾಲಯದ ಮೂರನೆಯ ಅಂಗವೆಂದು ಅಂಗೀಕರಿಸಿತು.

ಭದ್ರಾ ಅಣೆಕಟ್ಟಿನ ಯೋಜನೆಗಾಗಿ ನಿರ್ಮಾಣವಾದ ಬಿ.ಆರ್. ಪ್ರಾಜೆಕ್ಟ್ ಎಂಬ ವಸತಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವೊಂದಿದ್ದಿತು. ಅದೇ ಬೀಜವಾಗಿ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಮೊಳೆಯಿತು. ಕವಿ ಜೀವಂತರಾಗಿದ್ದಾಗಲೇ ಅವರ ಹೆಸರನ್ನು ಪಡೆದ ಈ ಸಂಸ್ಥೆಗೆ ಕಾದಂಬರಿಕಾರ ಶಾಂತಿನಾಥ ದೇಸಾಯಿಯವರು ಪ್ರಥಮ ಕುಲಪತಿಗಳಾದರು. ಭದ್ರಾವತಿಗೆ 18 ಕಿಲೋಮೀಟರ್, ಶಿವಮೊಗ್ಗೆಗೆ 28 ಕಿಲೋಮೀಟರ್ ದೂರದಲ್ಲಿ, ಅಭಯಾರಣ್ಯದ ಸೆರಗಿನ ಶಂಕರಘಟ್ಟದಲ್ಲಿರುವ ಅದರ ಆವರಣವಾದ ಜ್ಞಾನಸಹ್ಯಾದ್ರಿಗೆ ಕಾಡೇ ನೆರೆಮನೆಯಾದುದರಿಂದ, ಅಲ್ಲಿಯ ಸಸ್ಯಶಾಸ್ತ್ರಜ್ಞರು ನಾಟಿವೈದ್ಯರ ಬಳಿಗೆ ಹೋಗಿ ಬೇರು ತೊಗಟೆಗಳ ಗುಣವನ್ನು ಕೇಳಿ ಬರೆದುಕೊಂಡದ್ದೂ, ಪ್ರಾಣಿಶಾಸ್ತ್ರಜ್ಞರು ತುಂಗೆ ಭದ್ರೆಗಳ ಮೀನುಗಳನ್ನು ಎಣಿಸಿದ್ದೂ ಸಹಜವೇ ಆಗಿದೆ. ಕೆಳದಿ ಗುಂಡಾಜೋಯಿಸರು ಮನೆಮನೆಗಳಿಂದ ಸಂಗ್ರಹಿಸಿದ ತಾಳೆಗರಿ, ಕಡತ, ಚಿತ್ರಗಳ ಕೆಳದಿಯ ವಸ್ತುಸಂಗ್ರಹಾಲಯ ಈ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದುದನ್ನಂತೂ ನಾನು ಇದರ ಚರಿತ್ರೆಯ ಅತ್ಯಂತ ಸಾರ್ಥಕ ಪುಟಗಳಲ್ಲಿ ಒಂದೆಂದು ಎಣಿಸುತ್ತೇನೆ. ಏಕೆಂದರೆ ಅಲ್ಲಿ ಕೊಟ್ಟವನು ಗ್ರಾಮವಾಸಿ, ಕೈಯೊಡ್ಡಿ ಪಡೆದದ್ದು ವಿದ್ಯಾಪೀಠ. ನಾಟಿವೈದ್ಯನಿಂದ ಪಡೆದ ಜ್ಞಾನವು ಇಂಗ್ಲಿಷ್ ಪ್ರಬಂಧವಾಗಿ ದೂರದ ಪತ್ರಿಕೆಯನ್ನು ಸೇರುವುದಕ್ಕಿಂತ ಮೊದಲು, ಅವನ ಮಗನಾದರೂ ಓದಬಲ್ಲ ಕನ್ನಡದಲ್ಲಿ ಅವನ ಮನೆಗೆ ಮರಳಬೇಕೆಂಬುದು ನನ್ನ ಆಗ್ರಹ.

ಕರಾವಳಿಯ ಕಥೆ ಬೇರೆಯದು. ಉಡುಪಿಯ ಕಡೆಯ ಒಕ್ಕಲಿಗನು ತನ್ನ ಭೂಮಿಯನ್ನು ಎತ್ತರ ತಗ್ಗುಗಳಿಗೆ ಅನುಸಾರವಾಗಿ ಬೆಟ್ಟು, ಮಜಲು, ಬೈಲು ಎಂದೂ, ಬೆಳೆಯನ್ನು ಕಾಲಕ್ಕೆ ಅನುಸಾರವಾಗಿ ಏಣೇಲು, ಸುಗ್ಗಿ, ಕೊಳಕೆ ಎಂದೂ ವಿಂಗಡಿಸಿಕೊಂಡಿದ್ದಾನೆ. ಇದು ಯಾವ ಕೃಷಿಶಾಸ್ತ್ರಕ್ಕೂ ಕಡಮೆಯಿಲ್ಲದ ವರ್ಗೀಕರಣ. ಬೆಟ್ಟುಗದ್ದೆ ಮಳೆ ತಡೆದರೆ ಬಾಯಾರುತ್ತದೆ. ಬೈಲುಗದ್ದೆ ಆಷಾಢದ ನೆರೆಯಲ್ಲಿ ದಿನಗಟ್ಟಲೆ ಮುಳುಗಿರುತ್ತದೆ. ಒಂದೇ ತಳಿ ಎರಡಕ್ಕೂ ಒಗ್ಗದು. ಕುಚ್ಚಲಕ್ಕಿಯ ಕೆಂಪನ್ನು ಬಿಟ್ಟುಕೊಡಲೊಲ್ಲದ ಜನ ಬಹುಕಾಲ ಕೇರಳದಿಂದ ಬಂದ ಎಂಒ-4 ತಳಿಯನ್ನೇ ನೆಚ್ಚಿಕೊಂಡಿದ್ದರು. ಶಿವಮೊಗ್ಗೆಯ ಕೃಷಿ ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರಿದ ಬ್ರಹ್ಮಾವರದ ಸಂಶೋಧನಾ ಕೇಂದ್ರವು, ಬೈಲಿನ ಈ ಸಂಕಟವನ್ನೇ ಪ್ರಶ್ನೆಯಾಗಿಟ್ಟುಕೊಂಡು, ಎಂಟು ಹತ್ತು ದಿನ ನೀರಿನಡಿ ಇದ್ದರೂ ಸಾಯದ ಕೆಂಪಕ್ಕಿಯ ತಳಿಯನ್ನು ‘ಸಹ್ಯಾದ್ರಿ ಪಂಚಮುಖಿ’ ಎಂಬ ಹೆಸರಿನಿಂದ ಹೊರತಂದಿತು. ಘಟ್ಟದ ಮೇಲಾದರೋ ಅದೇ ವಿಶ್ವವಿದ್ಯಾಲಯ, ಜ್ಯೋತಿ ತಳಿಯನ್ನು ಅಕ್ಕಲು ತಳಿಯೊಡನೆ ಸಂಕರಗೊಳಿಸಿ ಬೆಂಕಿರೋಗವನ್ನು ತಡೆಯುವ ‘ಸಹ್ಯಾದ್ರಿ ಮೇಘ’ವನ್ನು ರೂಪಿಸಿತು. ಹೊಲದವನು ಕೇಳಿದ ಪ್ರಶ್ನೆಗೆ ಪ್ರಯೋಗಶಾಲೆ ಉತ್ತರ ಕೊಟ್ಟ ಇಂಥ ಪ್ರಸಂಗಗಳಲ್ಲಿ, ಸಹಭಾಗಿತ್ವವೆಂಬ ಪದ ತನ್ನ ಅರ್ಥವನ್ನು ಪಡೆಯುತ್ತದೆ. ಆದರೂ ಆಳಿನ ಅಭಾವದಿಂದ, ವಲಸೆಯಿಂದ, ಕರಾವಳಿಯಲ್ಲಿ ಗದ್ದೆಗಳು ಹಡಿಲು ಬೀಳುವುದು ನಿಂತಿಲ್ಲ. 2021ರಲ್ಲಿ ಉಡುಪಿಯ ಸುತ್ತ ಹಡಿಲು ಭೂಮಿಯನ್ನು ಮತ್ತೆ ಉಳುವ ಆಂದೋಲನ ನಡೆದಾಗ, ತಳಿಯೊಂದರಿಂದಲೇ ಗದ್ದೆ ಉಳಿಯದೆಂಬುದು ಎಲ್ಲರಿಗೂ ಕಂಡಿತು. ಗದ್ದೆಯನ್ನು ಉಳುವವನು ಏತಕ್ಕೆ ಬಿಟ್ಟುಹೋದನೆಂಬುದು ಸಮಾಜಶಾಸ್ತ್ರ ಅರ್ಥಶಾಸ್ತ್ರಗಳ ವಿಭಾಗಗಳಿಗೆ ಕಾದಿರುವ ಪ್ರಶ್ನೆ.

ಕೊನೆಗೆ ಭದ್ರಾವತಿ. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ 1918ರಲ್ಲಿ ಅಂಕುರಿಸಿ, 1923ರಲ್ಲಿ ಮಲೆನಾಡಿನ ಇದ್ದಿಲಿನಿಂದ ಕಬ್ಬಿಣವನ್ನು ಕರಗಿಸತೊಡಗಿದ ಕಾರ್ಖಾನೆಯನ್ನು, ಸರಿಯಾಗಿ ನೂರು ವರ್ಷ ತುಂಬಿದ 2023ರಲ್ಲಿಯೇ ಮುಚ್ಚುವ ಮಾತು ಬಂದಿತು. ಅದೇ ಊರಿನ ಕಾಗದದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಮುಂಚೆಯೇ ಮೌನವಾಗಿದ್ದುವು. ಕಾಗದಕ್ಕಾಗಿ 1980ರಲ್ಲಿ ನಲವತ್ತು ವರ್ಷಗಳ ಗುತ್ತಿಗೆಗೆ ಕೊಟ್ಟ ಕಾಡುನೆಲದಲ್ಲಿ ಬೆಳೆದ ಅಕೇಶಿಯಾ ನೆಡುತೋಪುಗಳು ಬೇಡವೆಂದು ಮಲೆನಾಡಿನ ಜನ ಚಳವಳಿ ಹೂಡಿದರು. ಭದ್ರಾವತಿಯ ಬಳಿ ಭದ್ರೆಯ ನೀರಿನ ಗುಣವನ್ನು ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದ್ದಾರೆ. ಅದು ಆಗಲೇಬೇಕಾದ ಕಾರ್ಯ. ಆದರೆ ನದಿಯ ದಡದಲ್ಲಿ ಬದುಕಿದವರ ವಿದ್ಯೆಯೂ ಒಂದಿದೆ. ಕುಲುಮೆಯ ಬೆಂಕಿಯ ಬಣ್ಣವನ್ನು ನೋಡಿಯೇ ಲೋಹದ ಹದವನ್ನು ತಿಳಿಯುತ್ತಿದ್ದ ಕಾರ್ಮಿಕರಲ್ಲಿ ಹಲವರು ನಿವೃತ್ತರಾಗಿ ಆ ಊರಿನ ಬೀದಿಗಳಲ್ಲಿಯೇ ಇದ್ದಾರೆ. ಮುಪ್ಪು ಅವರನ್ನು ಮುಟ್ಟಿದೆ. ಅವರ ಮಾತನ್ನು ಕುಳಿತು ಬರೆದುಕೊಳ್ಳಬೇಕೆನ್ನುವ ವಿದ್ಯಾರ್ಥಿಗೆ ಶಂಕರಘಟ್ಟದಿಂದ ಅಲ್ಲಿಗೆ ಬೆಳಗಿನ ಬಸ್ಸಿನ ದಾರಿ.