ಪೊದೆಯೊಳಗಿನ ಉಲಿ

ನಮ್ಮ ಕಾವ್ಯಪರಂಪರೆಯಲ್ಲಿ ಹಂಸ, ಚಕೋರ, ಗಿಳಿ, ಕೋಗಿಲೆಗಳಿಗೆ ಸಂದ ಮನ್ನಣೆ ಪೊದೆಯ ಪುಟ್ಟ ಹಕ್ಕಿಗಳಿಗೆ ಸಲ್ಲಲಿಲ್ಲ. ಇಂಗ್ಲಿಷಿನಲ್ಲಿ ವಾರ್ಬ್ಲರ್ ಎನ್ನುವ ಹಕ್ಕಿಗಳಿಗೆ ನಮ್ಮ ಪಕ್ಷಿವೀಕ್ಷಕರು ಬಳಸುವ ಹೆಸರು ಉಲಿಯಕ್ಕಿ. ‘ಉಲಿ’ ಎಂದರೆ ದನಿ. ಕಣ್ಣಿಗಿಂತ ಮೊದಲು ಕಿವಿಗೆ ಸಿಗುವ ಹಕ್ಕಿಗೆ ಒಪ್ಪುವ ಹೆಸರು.

ಇವುಗಳಲ್ಲಿ ಒಂದರ ಚರಿತ್ರೆ ಸ್ವಾರಸ್ಯಕರವಾದುದು. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯಕ್ಕೆ 1841ರಲ್ಲಿ ಪಾಲಕನಾಗಿ ಬಂದ ಎಡ್ವರ್ಡ್ ಬ್ಲೈತ್, 1849ರಲ್ಲಿ ಕಂದುಬಣ್ಣದ ಈ ಹಕ್ಕಿಯನ್ನು ಶಾಸ್ತ್ರಕ್ಕೆ ಪರಿಚಯಿಸಿ ‘ಡ್ಯುಮೆಟೋರಮ್’ ಎಂದು ಹೆಸರಿಟ್ಟನು. ‘ಪೊದೆಗಳ ವಾಸಿ’ ಎಂಬುದು ಆ ಲ್ಯಾಟಿನ್ ಪದದ ಇಂಗಿತ. ಇಂಗ್ಲಿಷರು ಮಾತ್ರ ಇದನ್ನು ಬ್ಲೈತನ ಜೊಂಡುಹಕ್ಕಿಯೆಂದು ಕರೆದರು. ಆದರೆ ಚಳಿಗಾಲದಲ್ಲಿ ನಮ್ಮ ನಾಡಿಗೆ ಬಂದಾಗ ಜೊಂಡಿಗಿಂತ ಪೊದೆ, ಬೇಲಿಗಳೇ ಇದಕ್ಕೆ ಪ್ರಿಯ.

ಫಿನ್ಲೆಂಡಿನಿಂದ ಸೈಬೀರಿಯದವರೆಗಿನ ನಾಡುಗಳಲ್ಲಿ ಮರಿಮಾಡುವ, ಹತ್ತುಹನ್ನೆರಡು ಗ್ರಾಂ ತೂಕದ ಈ ಜೀವ ಸಾವಿರಾರು ಮೈಲಿ ಹಾರಿ ಸೆಪ್ಟೆಂಬರ್ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬರತೊಡಗುತ್ತದೆ, ಬೇಸಗೆಯಲ್ಲಿ ಮರಳುತ್ತದೆ. ತವರಿನಲ್ಲಿ ಇತರ ಹಕ್ಕಿಗಳ ದನಿಗಳನ್ನು ಅನುಕರಿಸುತ್ತ ಇರುಳಿನಲ್ಲಿ ಹಾಡುವ ಈ ಗಾಯಕ, ಇಲ್ಲಿ ಬಹುಮಟ್ಟಿಗೆ ‘ಚಕ್, ಚಕ್’ ಎಂಬ ಒಂದೇ ಉಲಿಯಿಂದ ತೃಪ್ತ.

ಡಾ. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಅದರ ವರದಿ ಹ್ಯೂ ವಿಸ್ಲರ್ ಅವರ ಟಿಪ್ಪಣಿಗಳೊಂದಿಗೆ ಮುಂಬಯಿಯ ನಿಸರ್ಗ ಚರಿತ್ರೆಯ ಸಂಘದ ಪತ್ರಿಕೆಯಲ್ಲಿ ಬೆಳಕು ಕಂಡಿತು. ಆಗ ಒಂದನ್ನೊಂದು ಹೋಲುವ ಇಂಥ ಹಕ್ಕಿಗಳನ್ನು ನಿಶ್ಚಯಿಸಲು ಕೋವಿ ಬೇಕಾಗಿತ್ತು. ಇಂದು ದುರ್ಬೀನು ಮತ್ತು ತಾಳ್ಮೆಯ ಕಿವಿ ಸಾಕು.

ಉತ್ತರಹಳ್ಳಿಯ ನಾವು ಕೆಲವರು ಕಳೆದ ಚಳಿಗಾಲದಲ್ಲಿ ಸಮೀಪದ ತುರಹಳ್ಳಿ ಕಾಡಿಗೆ ಹೋಗಿದ್ದೆವು. ಒಂದು ಪೊದೆಯ ಮುಂದೆ ಅರ್ಧ ಗಂಟೆ ನಿಂತ ಮೇಲೆ ‘ಚಕ್’ ಎಂಬ ದನಿ ಕೇಳಿತು, ಎಲೆ ಅಲುಗಿತು, ಕಂದು ಬೆನ್ನೊಂದು ಮಿಂಚಿ ಮರೆಯಾಯಿತು. ಲಂಟಾನದ ಮುಳ್ಳಿನ ಮರೆಯೇ ಅದರ ಮನೆ.

ಇದೇ ಕಾಡಿನಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಯೋಜನೆಯನ್ನು 2021ರಲ್ಲಿ ನಾಗರಿಕರು ವಿರೋಧಿಸಿದರು. ಮರ ಉಳಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ನಗರದ ಕಣ್ಣಿಗೆ ಮರ ಸೊಬಗು, ಪೊದೆ ಕಸ. ಕಸವೆಂದು ಸವರಿದರೆ ಮರಗಳೆಲ್ಲ ನಿಂತಿದ್ದರೂ ಈ ಅತಿಥಿಗೆ ನೆಲೆಯಿಲ್ಲ. ಬ್ಲೈತ್ ಇಟ್ಟ ಹೆಸರಿನಲ್ಲಿಯೇ ಈ ಎಚ್ಚರಿಕೆ ಅಡಗಿದೆ.